ಚೆಸ್ ಓಪನಿಂಗ್ (ಆಟದ ಮೊದಲ ಕೆಲವು ನಡೆಗಳು) ಕಲಿಯುವ ಕ್ರಮ: ಬಾಯಿಪಾಠ ಮಾಡಿಯೂ ಆರನೇ ನಡೆಗೆ ಸಿಕ್ಕಿಬೀಳುವವರಿಗೆ

"ವಿಡಿಯೋ ನೋಡಿ ಹದಿನೈದು ನಡೆ ಕಲಿತೆ. ಎದುರಾಳಿ ಮೂರನೇ ನಡೆಯಲ್ಲೇ ಬೇರೇನೋ ಆಡಿದ. ಅಲ್ಲಿಂದ ಮುಂದೆ ಏನು ಮಾಡಬೇಕೋ ಗೊತ್ತಾಗಲಿಲ್ಲ." ಹೊಸದಾಗಿ ಚೆಸ್ ಕಲಿಯುವವರ ದೂರು ಹೆಚ್ಚುಕಡಿಮೆ ಇದೇ. ಇದಕ್ಕೆ ನೆನಪಿನ ಶಕ್ತಿ ಕಾರಣವಲ್ಲ. ಕಲಿತ ಕ್ರಮ ತಲೆಕೆಳಗಾಗಿದೆ, ಅಷ್ಟೇ. ನಡೆಗಳನ್ನು ಮೊದಲು ಕಲಿತು ಕಾರಣವನ್ನು ಆಮೇಲೆ ನೋಡೋಣ ಎಂದು ಬಿಟ್ಟರೆ, ಎದುರಾಳಿ ದಾರಿ ತಪ್ಪಿಸಿದ ಕೂಡಲೇ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇಲ್ಲಿ ಹೇಳಿರುವುದನ್ನು ಇದೇ ಕ್ರಮದಲ್ಲಿ ಮಾಡಿ. ನಾಲ್ಕನೇ ಹಂತ ಚೆನ್ನಾಗಿದೆ ಎಂದು ನೇರವಾಗಿ ಅಲ್ಲಿಗೆ ಹಾರಬೇಡಿ.

ಬರೆಯುವ ಕ್ರಮ ಹೀಗಿದೆ. ಬಿಳಿ ಆಟಗಾರನ ಎಡದಿಂದ ಬಲಕ್ಕೆ ಸಾಲುಗಳು ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಕೆಳಗಿನಿಂದ ಮೇಲಕ್ಕೆ 1ರಿಂದ 8. ಕಾಯಿಗಳಿಗೆ ರಾಜ, ರಾಣಿ, ಆನೆ, ಒಂಟೆ, ಕುದುರೆ, ಕಾಲಾಳು ಎಂದೇ ಹೇಳುತ್ತೇನೆ. ಕಾಯಿಯ ಹೆಸರಿಲ್ಲದೆ ಬರೀ "ಇ4" ಎಂದಿದ್ದರೆ ಅದು ಕಾಲಾಳಿನ ನಡೆ.

ಶುರು ಮಾಡುವ ಮುನ್ನ ಬೇಕಾದದ್ದು

ಒಂದು ನಿಜವಾದ ಬೋರ್ಡ್, ಒಂದು ನೋಟ್‌ಬುಕ್, ಆನ್‌ಲೈನ್ ಚೆಸ್ ತಾಣ ಲಿಚೆಸ್‌ನಲ್ಲಿ ಒಂದು ಖಾತೆ. ಇಷ್ಟು ಸಾಕು. ಲಿಚೆಸ್ ಪೂರ್ತಿ ಉಚಿತ. ಆಟ, ಆಟದ ವಿಶ್ಲೇಷಣೆ, ನಿಮ್ಮದೇ ಓಪನಿಂಗ್ ಬರೆದಿಡುವ "ಸ್ಟಡಿ", ಯಾವ ನಡೆಯನ್ನು ಜನ ಎಷ್ಟು ಸಲ ಆಡಿದ್ದಾರೆ ಎಂದು ತೋರಿಸುವ "ಓಪನಿಂಗ್ ಎಕ್ಸ್‌ಪ್ಲೋರರ್" ಎಲ್ಲವೂ ಅಲ್ಲೇ ಇವೆ. ದುಡ್ಡು ಕೊಟ್ಟು ಕೋರ್ಸ್ ಕೊಳ್ಳುವ ಅಗತ್ಯ ಈಗ ಇಲ್ಲ.

ಬೋರ್ಡ್ ಯಾಕೆ ಎಂದರೆ, ಮೊಬೈಲ್‌ನಲ್ಲಿ ಬೆರಳು ಬೇಗ ಓಡುತ್ತದೆ. ಬೋರ್ಡ್ ಮೇಲೆ ಕಾಯಿ ಎತ್ತಿ ಇಡುವಾಗ "ಇದು ಯಾಕೆ ಇಲ್ಲಿಗೆ?" ಎಂದು ಕೇಳಿಕೊಳ್ಳಲು ಸಮಯ ಸಿಗುತ್ತದೆ.

ಹಂತ 1: ಮೊದಲು ಮೂರು ಕೆಲಸ, ಆಮೇಲೆ ಹೆಸರು

ಯಾವ ಓಪನಿಂಗ್ ಆದರೂ ಮಾಡುವುದು ಮೂರೇ ಕೆಲಸ. ನಡುವಿನ ನಾಲ್ಕು ಮನೆಗಳಲ್ಲಿ (ಇ4, ಡಿ4, ಇ5, ಡಿ5) ಪಾಲು ಪಡೆಯುವುದು, ಕುದುರೆ ಒಂಟೆಗಳನ್ನು ಹೊರಗೆ ತರುವುದು, ಕ್ಯಾಸ್ಲಿಂಗ್ ಮಾಡಿ ರಾಜನನ್ನು ಮೂಲೆಗೆ ಸೇರಿಸುವುದು.

ಒಂದು ವಾರ ಓಪನಿಂಗ್ ಹೆಸರುಗಳನ್ನು ಮರೆತು, ಈ ಮೂರನ್ನಷ್ಟೇ ಇಟ್ಟುಕೊಂಡು ಆಡಿ. ಪ್ರತಿ ಆಟದ ಹತ್ತನೇ ನಡೆಗೆ ನಿಂತು ನೋಡಿ: ಎರಡು ಕುದುರೆ, ಎರಡು ಒಂಟೆ ಹೊರಗೆ ಬಂದಿವೆಯಾ? ರಾಜ ಮೂಲೆ ಸೇರಿದನಾ? ಇಲ್ಲ ಎಂದಾದರೆ ಯಾವ ನಡೆ ದಂಡವಾಯಿತು ಎಂದು ಹುಡುಕಿ. ಸಾಮಾನ್ಯವಾಗಿ ಅದು ಎ6, ಎಚ್6 ಥರದ ಅಂಚಿನ ಕಾಲಾಳು ನಡೆ, ಒಂದೇ ಕುದುರೆಯ ಎರಡು ಮೂರು ಓಡಾಟ, ಅಥವಾ ಬೇಗ ಹೊರಬಂದು ಪೆಟ್ಟು ತಪ್ಪಿಸಿಕೊಳ್ಳುತ್ತಾ ತಿರುಗುವ ರಾಣಿ.

ಇದರ ಜೊತೆ ಒಂದು ಮನೆಯನ್ನು ಪರಿಚಯ ಮಾಡಿಕೊಳ್ಳಿ: ಎಫ್7. ಬಿಳಿಗಾದರೆ ಎಫ್2. ಆಟ ಶುರುವಾದಾಗ ಈ ಮನೆಗೆ ರಾಜನೊಬ್ಬನೇ ಕಾವಲು. ಹೊಸಬರು ಬೇಗ ಸೋಲುವ ಆಟಗಳಲ್ಲಿ ಬಹಳಷ್ಟು ಇಲ್ಲೇ ಮುರಿಯುತ್ತವೆ.

ಹಂತ 2: ಬಿಳಿಗೆ ಒಂದೇ ಓಪನಿಂಗ್, ಇಟಾಲಿಯನ್

ಇಟಾಲಿಯನ್ ಯಾಕೆ? ಪ್ರತಿ ನಡೆಗೂ ಕಣ್ಣಿಗೆ ಕಾಣುವ ಕಾರಣ ಇದೆ. ಬೋರ್ಡ್ ಮೇಲೆ ಇಟ್ಟುಕೊಂಡು ನೋಡಿ.

1. ಇ4 – ಇ5
2. ಕುದುರೆ ಎಫ್3 – ಕುದುರೆ ಸಿ6
3. ಒಂಟೆ ಸಿ4 – ಒಂಟೆ ಸಿ5
4. ಸಿ3 – ಕುದುರೆ ಎಫ್6
5. ಡಿ3 – ಡಿ6
6. ಕ್ಯಾಸ್ಲಿಂಗ್ – ಕ್ಯಾಸ್ಲಿಂಗ್

ಈಗ ನೋಟ್‌ಬುಕ್ ತೆಗೆಯಿರಿ. ಎಡಕ್ಕೆ ನಡೆ, ಬಲಕ್ಕೆ ಕಾರಣ. ಕುದುರೆ ಎಫ್3 ಬರುವುದು ಇ5 ಕಾಲಾಳನ್ನು ಹೊಡೆಯುವ ಬೆದರಿಕೆಯೊಂದಿಗೆ, ಆದ್ದರಿಂದ ಕರಿ ಕುದುರೆ ಸಿ6ಕ್ಕೆ ಬಂದು ಕಾಯುತ್ತದೆ. ಸಿ4 ಒಂಟೆಯ ಕಣ್ಣು ಎಫ್7 ಮೇಲೆ. ಸಿ3 ಎರಡು ಕೆಲಸ ಮಾಡುತ್ತದೆ: ಮುಂದೆ ಡಿ4 ತಳ್ಳಲು ಬೆಂಬಲ ಕೊಡುತ್ತದೆ, ಒಂಟೆ ಹಿಂದೆ ಸರಿಯಬೇಕಾದರೆ ಸಿ2 ಮನೆಯನ್ನು ಖಾಲಿ ಇಡುತ್ತದೆ. ಡಿ3 ಇ4ಕ್ಕೆ ಕಾವಲು. ಬಲಗಡೆಯ ಅಂಕಣದಲ್ಲಿ ನಿಮ್ಮದೇ ಮಾತಿನಲ್ಲಿ ಕಾರಣ ಬರೆಯಲು ಆಗದ ನಡೆಯನ್ನು ನೀವು ಇನ್ನೂ ಕಲಿತಿಲ್ಲ ಎಂದೇ ತಿಳಿಯಿರಿ.

ಹೆಚ್ಚಿನ ಪಾಠಗಳು ಆರನೇ ನಡೆಗೆ ಮುಗಿದುಬಿಡುತ್ತವೆ. ಜನ ನಿಜವಾಗಿ ತಡಕಾಡುವುದು ಅಲ್ಲಿಂದ ಮುಂದೆ. ಆದ್ದರಿಂದ ಮುಂದಿನ ಯೋಜನೆಯನ್ನೂ ಇದೇ ಪುಟದಲ್ಲಿ ಬರೆದುಕೊಳ್ಳಿ. ಮೊದಲು ಎಚ್3. ಇದರಿಂದ ಕರಿ ಒಂಟೆಗಾಗಲಿ ಕುದುರೆಗಾಗಲಿ ಜಿ4 ಮನೆ ಸಿಗುವುದಿಲ್ಲ. ಆಮೇಲೆ ಆನೆ ಇ1. ಆನೆ ಜಾಗ ಬಿಟ್ಟ ಮೇಲೆ ಬಿ1 ಕುದುರೆಯ ಪ್ರಯಾಣ: ಡಿ2, ಎಫ್1, ಜಿ3. ಆನೆ ಸರಿಯದೆ ಎಫ್1 ಖಾಲಿಯಾಗುವುದಿಲ್ಲ, ಹಾಗಾಗಿ ಈ ಕ್ರಮ ಅದಲುಬದಲು ಮಾಡಬೇಡಿ. ಕರಿ ಕುದುರೆ ಎ5ಕ್ಕೆ ಬಂದು ಸಿ4 ಒಂಟೆಯನ್ನು ಹೊಡೆಯಲು ಬಂದರೆ ಬಿ5ಕ್ಕೆ ಸರಿಸಿ, ಅಲ್ಲಿಂದಲೂ ಓಡಿಸಿದರೆ ಎ4 ದಾರಿಯಾಗಿ ಸಿ2ಕ್ಕೆ. ಅದು ನಿಮ್ಮ ಒಳ್ಳೆಯ ಒಂಟೆ, ಸುಮ್ನೆ ಕುದುರೆಗೆ ಕೊಡಬೇಡಿ. ಎಲ್ಲ ಕಾಯಿಗಳೂ ಬಂದ ಮೇಲೆ ಡಿ4 ತಳ್ಳುವುದು ನಿಮ್ಮ ದೊಡ್ಡ ಗುರಿ.

ಇಲ್ಲಿ ಬಾಯಿಪಾಠದವರು ಬೀಳುವ ಒಂದು ಹಳ್ಳವಿದೆ. ಮೂರನೇ ನಡೆಯಲ್ಲಿ ಕರಿ ಒಂಟೆಯ ಬದಲು ಕುದುರೆಯನ್ನು ಎಫ್6ಕ್ಕೆ ತರಬಹುದು. "ನಾಲ್ಕನೇ ನಡೆ ಸಿ3" ಎಂದು ಉರು ಹೊಡೆದವರು ನೋಡದೆ ಸಿ3 ಆಡುತ್ತಾರೆ, ಕರಿ ಕುದುರೆ ಇ4 ಕಾಲಾಳನ್ನು ಹೊಡೆದುಕೊಂಡು ಹೋಗುತ್ತದೆ. ಕಾರಣ ಗೊತ್ತಿದ್ದವರು ಇ4ಕ್ಕೆ ಈಗಲೇ ಕಾವಲು ಬೇಕು ಎಂದು ಮೊದಲು ಡಿ3, ಆಮೇಲೆ ಸಿ3 ಆಡುತ್ತಾರೆ. ಕರಿ ಒಂಟೆ ಸಿ5ಕ್ಕೆ ಬಂದರೆ ಮತ್ತೆ ಅದೇ ಚಿತ್ರ ಮೂಡುತ್ತದೆ. ನಡೆಗಳು ಅವೇ, ಕ್ರಮ ಮಾತ್ರ ಬೇರೆ.

ಹಂತ 3: ಎದುರಾಳಿ ದಾರಿ ಬಿಟ್ಟರೆ

ನಿಮ್ಮ ಮಟ್ಟದ ಆಟಗಾರರು ಪುಸ್ತಕದ ನಡೆಗಳನ್ನು ಆಡುವುದಿಲ್ಲ. ಆದ್ದರಿಂದ ಮುಖ್ಯ ದಾರಿಯನ್ನು ಹದಿನೈದು ನಡೆ ಉದ್ದ ಮಾಡುವುದಕ್ಕಿಂತ, ಎರಡನೇ ಮೂರನೇ ನಡೆಯ ಕವಲುಗಳನ್ನು ಕಲಿಯುವುದು ಜಾಸ್ತಿ ಲಾಭ.

ಕರಿ ಎರಡನೇ ನಡೆಗೆ ಎಫ್6 ಆಡಿ ಇ5 ಕಾಯ್ದರೆ, ಕುದುರೆಯಿಂದಲೇ ಇ5 ಹೊಡೆಯಿರಿ. ಎಫ್ ಕಾಲಾಳು ಕುದುರೆಯನ್ನು ಹೊಡೆದರೆ ರಾಣಿ ಎಚ್5 ಚೆಕ್. ಜಿ6 ಅಡ್ಡ ತಂದರೆ ರಾಣಿ ಇ5 ಹೊಡೆದು ಮತ್ತೆ ಚೆಕ್, ಜೊತೆಗೆ ಎಚ್8 ಆನೆ ಮೇಲೂ ಗುರಿ. ರಾಜ ಇ7ಕ್ಕೆ ಓಡಿದರೆ ರಾಣಿ ಇ5 ಹೊಡೆದು ಚೆಕ್, ರಾಜ ಎಫ್7ಕ್ಕೆ ಹೋದ ಮೇಲೆ ಒಂಟೆ ಸಿ4 ಚೆಕ್. ಕರಿ ರಾಜ ಬಯಲಿಗೆ ಬಿದ್ದ.

ಎರಡನೇ ನಡೆಗೆ ಕರಿಯೂ ಕುದುರೆ ಎಫ್6 ಆಡಿದರೆ ಇ5 ಹೊಡೆಯಿರಿ. ಅವನೂ ನಕಲು ಮಾಡಿ ಇ4 ಹೊಡೆದರೆ ರಾಣಿ ಇ2. ಆಗ ಅವನು ಗಾಬರಿಯಲ್ಲಿ ಕುದುರೆಯನ್ನು ಎಫ್6ಕ್ಕೆ ಹಿಂದೆ ತಂದರೆ, ನಿಮ್ಮ ಕುದುರೆ ಸಿ6ಕ್ಕೆ. ಕುದುರೆ ಸರಿದ ಕೂಡಲೇ ರಾಣಿಯಿಂದ ಚೆಕ್, ಕುದುರೆಯ ಗುರಿ ಡಿ8 ರಾಣಿ. ಕರಿಯ ರಾಣಿ ಹೋಯಿತು.

ಮೂರನೇ ನಡೆಗೆ ಕರಿ ಕುದುರೆ ಡಿ4ಕ್ಕೆ ಹಾರಿ ಇ5 ಕಾಲಾಳನ್ನು ಖಾಲಿ ಬಿಟ್ಟರೆ ಹೊಡೆಯಬೇಡಿ, ಅದು ಬಲೆ. ನೀವು ಇ5 ಹೊಡೆದರೆ ರಾಣಿ ಜಿ5. ಆಸೆಪಟ್ಟು ಎಫ್7 ಹೊಡೆದರೆ ರಾಣಿ ಜಿ2 ಹೊಡೆಯುತ್ತದೆ, ಆನೆ ಎಫ್1ಕ್ಕೆ ಸರಿದರೆ ರಾಣಿ ಇ4 ಹೊಡೆದು ಚೆಕ್, ಒಂಟೆ ಇ2 ಅಡ್ಡ ಬಂದರೆ ಕುದುರೆ ಎಫ್3, ಮೇಟ್. ಇಷ್ಟೆಲ್ಲಾ ಬೇಡ. ಡಿ4ಕ್ಕೆ ಬಂದ ಕುದುರೆಯನ್ನು ನಿಮ್ಮ ಕುದುರೆಯಿಂದ ಹೊಡೆದು, ಕ್ಯಾಸ್ಲಿಂಗ್ ಮಾಡಿ ಮುಂದೆ ಹೋಗಿ.

ಕರಿ ಮೊದಲ ನಡೆಗೆ ಇ5 ಆಡದೇ ಇದ್ದರೆ? ಒಂದೊಂದಕ್ಕೂ ಒಂದೇ ಸಾಲಿನ ಉತ್ತರ ಇಟ್ಟುಕೊಳ್ಳಿ. ಸಿ5 ಎಂದರೆ ಸಿಸಿಲಿಯನ್, ನೀವು ಸಿ3 ಆಡಿ ಮುಂದೆ ಡಿ4 ತಳ್ಳಿ. ಇ6 ಎಂದರೆ ಫ್ರೆಂಚ್, ಡಿ4 ಆಡಿ, ಅವನು ಡಿ5 ಎಂದಾಗ ಕಾಲಾಳು ಬದಲಾಯಿಸಿಕೊಂಡು ಕುದುರೆ ಎಫ್3, ಒಂಟೆ ಡಿ3, ಕ್ಯಾಸ್ಲಿಂಗ್. ಸಿ6 ಎಂದರೆ ಕಾರೋ-ಕಾನ್, ಅಲ್ಲಿಯೂ ಡಿ4, ಬದಲಾವಣೆ, ಒಂಟೆ ಡಿ3. ಡಿ5 ಎಂದರೆ ಹೊಡೆಯಿರಿ, ಅವನ ರಾಣಿ ಡಿ5ಕ್ಕೆ ಬಂದ ತಕ್ಷಣ ಕುದುರೆ ಸಿ3. ರಾಣಿ ಮತ್ತೆ ಓಡಬೇಕು, ನಿಮಗೆ ಒಂದು ನಡೆ ಲಾಭ. ಈಗ ಇಷ್ಟು ಸಾಕು.

ಹಂತ 4: ಕರಿಗೆ, ಇ4 ಎದುರು

ಇ4ಕ್ಕೆ ಇ5 ಆಡಿ. ಇಟಾಲಿಯನ್ ಕಲಿತಿದ್ದೀರಿ, ಅದೇ ಚಿತ್ರವನ್ನು ಆ ಕಡೆಯಿಂದ ನೋಡುತ್ತೀರಿ. ಹೊಸ ಓಪನಿಂಗ್ ಹುಡುಕುವುದಕ್ಕಿಂತ ಇದರಲ್ಲಿ ಅರ್ಧ ಕೆಲಸ ಉಳಿಯುತ್ತದೆ.

ಮೊದಲು ನಾಲ್ಕು ನಡೆಯ ಮೇಟ್ ತಡೆಯುವುದನ್ನು ಗಟ್ಟಿ ಮಾಡಿ. ಬಿಳಿ ಎರಡನೇ ನಡೆಗೇ ರಾಣಿಯನ್ನು ಎಚ್5ಕ್ಕೆ ತಂದರೆ ಜಿ6 ಆಡಿ ಓಡಿಸೋಣ ಅನ್ನಿಸುತ್ತದೆ. ಆಡಬೇಡಿ. ರಾಣಿ ಇ5 ಹೊಡೆದು ಚೆಕ್ ಕೊಡುತ್ತದೆ, ಮೂಲೆಯ ಆನೆಯೂ ಹೋಗುತ್ತದೆ. ಮೊದಲು ಕುದುರೆ ಸಿ6, ಇ5 ಭದ್ರ. ಬಿಳಿ ಒಂಟೆ ಸಿ4ಕ್ಕೆ ಬಂದು ಎಫ್7 ಮೇಲೆ ಇಬ್ಬರಾದರು. ಈಗ ಜಿ6. ರಾಣಿ ಎಫ್3ಕ್ಕೆ ಹೋಗಿ ಮತ್ತೆ ಎಫ್7 ನೋಡಿದರೆ ಕುದುರೆ ಎಫ್6. ಆಮೇಲೆ ಒಂಟೆ ಜಿ7, ಕ್ಯಾಸ್ಲಿಂಗ್. ಎಚ್5ರಲ್ಲಿ ರಾಣಿ, ಸಿ4ರಲ್ಲಿ ಒಂಟೆ ಇರುವಾಗ ಕುದುರೆಯನ್ನು ಎಫ್6ಕ್ಕೆ ತರುವುದು ದೊಡ್ಡ ತಪ್ಪು. ರಾಣಿಯನ್ನು ಹೊಡೆಯುವ ಖುಷಿಯಲ್ಲಿ ಎಫ್7ರ ಮೇಟ್ ಕಾಣುವುದಿಲ್ಲ.

ಇಟಾಲಿಯನ್ ಎದುರು ಮೂರನೇ ನಡೆಗೆ ಒಂಟೆ ಸಿ5 ಆಡಿ. ಕುದುರೆ ಎಫ್6 ಕೂಡ ಒಳ್ಳೆಯ ನಡೆಯೇ, ಆದರೆ ಆಗ ಬಿಳಿ ಕುದುರೆ ಜಿ5ಕ್ಕೆ ಬಂದರೆ ನೀವು ನಿಖರವಾಗಿ ಆಡಬೇಕು. ಡಿ5, ಬಿಳಿ ಹೊಡೆಯುತ್ತದೆ, ಅಲ್ಲಿ ಕುದುರೆಯಿಂದ ತಿರುಗಿ ಹೊಡೆಯದೆ ಕುದುರೆ ಎ5. ತಿರುಗಿ ಹೊಡೆದರೆ ಬಿಳಿ ಕುದುರೆ ಎಫ್7ರಲ್ಲಿ ಬಲಿಯಾಗಿ ನಿಮ್ಮ ರಾಜನನ್ನು ಇ6ರವರೆಗೆ ಎಳೆಯುತ್ತದೆ. ಒಂಟೆ ಸಿ5 ಆಡಿದರೆ ಈ ತಲೆನೋವು ಇಲ್ಲ. ಬಿಳಿ ಕುದುರೆ ತಕ್ಷಣ ಜಿ5ಕ್ಕೆ ಬಂದರೆ ನಿಮ್ಮ ರಾಣಿ ಡಿ8ರಿಂದ ಸೀದಾ ಹೊಡೆಯುತ್ತದೆ.

ನೀವು ಕ್ಯಾಸ್ಲಿಂಗ್ ಮಾಡಿದ ಮೇಲೆ ಕೆಲವರು ಕುದುರೆ, ಒಂಟೆ ಎರಡನ್ನೂ ಎಫ್7ರಲ್ಲಿ ಕೊಟ್ಟು ಆನೆ ಮತ್ತು ಕಾಲಾಳು ತೆಗೆದುಕೊಳ್ಳುತ್ತಾರೆ. ಅಂಕ ಲೆಕ್ಕ ಹಾಕಿದರೆ ಆರಕ್ಕೆ ಆರು. ಭಯಪಡಬೇಡಿ. ಆಟದ ಈ ಹೊತ್ತಿನಲ್ಲಿ ಎರಡು ಕಾಯಿಗಳ ಬಲ ಆನೆಗಿಂತ ಜಾಸ್ತಿ. ಅವನು ಹೊರಗೆ ತಂದಿದ್ದ ಕಾಯಿಗಳೇ ಖರ್ಚಾಗಿವೆ, ನಿಮ್ಮವು ಇನ್ನೂ ಇವೆ. ಬಿಳಿಯಾಗಿ ಆಡುವಾಗ ನೀವೂ ಈ ವ್ಯಾಪಾರ ಮಾಡಬೇಡಿ.

ಇನ್ನೊಂದು ಸಂಗತಿ: ಬಿಳಿ ಕುದುರೆ ಸಿ3ಕ್ಕೆ ಬಂದಿದ್ದು, ಡಿ3 ಆಡಿದ್ದರೆ, ಮುಂದೆ ಒಂಟೆ ಜಿ5ಕ್ಕೆ ಬಂದು ನಿಮ್ಮ ಎಫ್6 ಕುದುರೆಯನ್ನು ಕಟ್ಟಿಹಾಕುತ್ತದೆ, ಆಮೇಲೆ ಕುದುರೆ ಡಿ5. ಹಾಗಿರುವಾಗ ಕ್ಯಾಸ್ಲಿಂಗ್‌ಗೆ ಮುಂಚೆ ಎಚ್6 ಆಡಿಕೊಳ್ಳಿ. ಅಂಚಿನ ಕಾಲಾಳು ತಳ್ಳಬೇಡಿ ಎಂದು ಮೊದಲ ಹಂತದಲ್ಲಿ ಹೇಳಿದ್ದು ಕಾರಣವಿಲ್ಲದೆ ತಳ್ಳುವುದಕ್ಕೆ. ಇಲ್ಲಿ ಕಾರಣ ಇದೆ.

ಬಿಳಿ ಒಂಟೆ ಬಿ5ಕ್ಕೆ ಬಂದರೆ ಅದು ರೂಯ್ ಲೋಪೆಜ್. ಎ6 ಆಡಿ ಕೇಳಿ. ಅವನು ಸಿ6 ಕುದುರೆಯನ್ನು ಹೊಡೆದರೆ ಡಿ ಕಾಲಾಳಿನಿಂದ ಹೊಡೆಯಿರಿ. "ಇ5 ಈಗ ಫ್ರೀ" ಎಂದು ಅವನ ಕುದುರೆ ಹೊಡೆದರೆ ರಾಣಿ ಡಿ4. ಕುದುರೆಯೂ ಇ4 ಕಾಲಾಳೂ ಒಟ್ಟಿಗೆ ಸಿಕ್ಕಿಬಿದ್ದವು, ನಿಮ್ಮ ಕಾಲಾಳು ವಾಪಸ್. ಅವನು ಹೊಡೆಯದೆ ಎ4ಕ್ಕೆ ಸರಿದರೆ ಕುದುರೆ ಎಫ್6, ಒಂಟೆ ಇ7, ಬಿ5, ಡಿ6, ಕ್ಯಾಸ್ಲಿಂಗ್.

ಹಂತ 5: ಕರಿಗೆ, ಡಿ4 ಎದುರು

ಡಿ4ಕ್ಕೆ ಡಿ5. ಬಿಳಿ ಸಿ4 ಆಡಿದರೆ (ಕ್ವೀನ್ಸ್ ಗ್ಯಾಂಬಿಟ್) ಇ6 ಆಡಿ ಡಿ5 ಗಟ್ಟಿ ಮಾಡಿ. ಮುಂದೆ ಕುದುರೆ ಎಫ್6, ಒಂಟೆ ಇ7, ಕ್ಯಾಸ್ಲಿಂಗ್, ಕುದುರೆ ಬಿ8ರಿಂದ ಡಿ7, ಬಿ6, ಒಂಟೆ ಬಿ7.

ಇಲ್ಲಿ ತಪ್ಪು ನಡೆಯುವುದು ಕುದುರೆಯ ಜಾಗದಲ್ಲಿ. ಇ5 ಆಟದಲ್ಲಿ ಕುದುರೆ ಸಿ6ಕ್ಕೆ ಹೋಗಿ ಅಭ್ಯಾಸ ಆಗಿರುತ್ತದೆ, ಇಲ್ಲಿಯೂ ಅಲ್ಲಿಗೇ ಹಾಕುತ್ತಾರೆ. ಆಗ ಸಿ7 ಕಾಲಾಳು ಕುದುರೆಯ ಹಿಂದೆ ಸಿಕ್ಕಿಕೊಳ್ಳುತ್ತದೆ. ಈ ಆಟದಲ್ಲಿ ನಿಮಗೆ ಉಸಿರಾಡಲು ಜಾಗ ಕೊಡುವ ನಡೆ ಸಿ5. ಅದನ್ನು ಮುಚ್ಚಬೇಡಿ. ಬಿಳಿ ಸಿ4 ಆಡದೆ ಒಂಟೆಯನ್ನು ಎಫ್4ಕ್ಕೆ ತಂದರೆ (ಲಂಡನ್) ಮೊದಲು ಕುದುರೆ ಎಫ್6, ಸಿ5, ಆಮೇಲೆ ಧಾರಾಳವಾಗಿ ಕುದುರೆ ಸಿ6. ಒಂಟೆ ಹೊರಗೆ ಹೋದ್ದರಿಂದ ಬಿ2 ಕಾಲಾಳಿಗೆ ಕಾವಲಿಲ್ಲ. ರಾಣಿ ಬಿ6 ಆಡಿ ಅದನ್ನು ಕೇಳಿ.

ಸಿ4 ಕಾಲಾಳನ್ನು ಹೊಡೆದು ಉಳಿಸಿಕೊಳ್ಳುವ ಆಸೆ ಬೇಡ. ಹೊಡೆದು, ಬಿಳಿ ಇ3 ಆಡಿದ ಮೇಲೆ ಬಿ5 ಆಡಿ ಕಾಯ್ದರೆ ಎ4 ಬರುತ್ತದೆ. ಸಿ6 ಆಡಿ ಬೆಂಬಲ ಕೊಟ್ಟರೆ ಬಿಳಿ ಬಿ5 ಹೊಡೆದು, ನೀವು ತಿರುಗಿ ಹೊಡೆದ ಮೇಲೆ ರಾಣಿ ಎಫ್3. ಮೂಲೆಯ ಎ8 ಆನೆಗೆ ನೇರ ಗುರಿ. ಒಂದು ಕಾಯಿ ಹೋಗುವುದು ಖಚಿತ.

ನಿಮ್ಮ ಕಡೆಗೂ ಒಂದು ಬಲೆ ಇದೆ. 1. ಡಿ4 – ಡಿ5, 2. ಸಿ4 – ಇ6, 3. ಕುದುರೆ ಸಿ3 – ಕುದುರೆ ಎಫ್6, 4. ಒಂಟೆ ಜಿ5 – ಕುದುರೆ ಬಿ8ರಿಂದ ಡಿ7. ಬಿಳಿ ಡಿ5ರಲ್ಲಿ ಕಾಲಾಳು ಬದಲಾಯಿಸಿಕೊಂಡು, "ಎಫ್6 ಕುದುರೆ ಕಟ್ಟಿಹಾಕಿದೆ, ಡಿ5 ಫ್ರೀ" ಎಂದು ಕುದುರೆಯಿಂದ ಹೊಡೆದರೆ, ನೀವೂ ಎಫ್6 ಕುದುರೆಯಿಂದ ಹೊಡೆಯಿರಿ. ಅವನು ನಿಮ್ಮ ರಾಣಿಯನ್ನು ಹೊಡೆಯಲಿ. ಒಂಟೆ ಬಿ4 ಚೆಕ್. ಅವನಿಗೆ ರಾಣಿಯನ್ನು ಡಿ2ರಲ್ಲಿ ಅಡ್ಡ ಇಡುವುದು ಬಿಟ್ಟರೆ ಬೇರೆ ನಡೆಯೇ ಇಲ್ಲ. ಲೆಕ್ಕ ಮುಗಿದಾಗ ಒಂದು ಕಾಲಾಳಿಗೆ ಬದಲು ಒಂದು ಕುದುರೆ ನಿಮ್ಮ ಲಾಭ. ಹಿಂದೆ ರಾಣಿ ಇರುವ ಕಾಯಿ ನಿಜವಾಗಿ ಅಲುಗಾಡಬಹುದು, ಹಿಂದೆ ರಾಜ ಇದ್ದರೆ ಮಾತ್ರ ಅಲುಗಾಡುವಂತಿಲ್ಲ.

ಹಂತ 6: ಆಡಿ, ನೋಡಿ, ಒಂದೇ ಸಾಲು ಬರೆಯಿರಿ

ನಿಜವಾದ ಕಲಿಕೆ ಇಲ್ಲಿದೆ. ಇದನ್ನು ಬಿಟ್ಟರೆ ಮೇಲಿನ ಐದೂ ಹಂತಗಳು ಒಂದು ತಿಂಗಳಲ್ಲಿ ಮರೆತುಹೋಗುತ್ತವೆ.

ಆಡುವ ಸಮಯ 15+10 ಇಟ್ಟುಕೊಳ್ಳಿ, ಅಂದರೆ ತಲಾ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಸೇರ್ಪಡೆ. ಮೂರು ನಿಮಿಷದ ಬ್ಲಿಟ್ಜ್‌ನಲ್ಲಿ ಓಪನಿಂಗ್ ಕಲಿಯಲು ಆಗುವುದಿಲ್ಲ, ಯೋಚಿಸುವ ಮೊದಲೇ ಕೈ ಆಡಿಬಿಟ್ಟಿರುತ್ತದೆ.

ಆಟ ಮುಗಿದ ಕೂಡಲೇ ಎಂಜಿನ್ (ನಡೆಗಳನ್ನು ಲೆಕ್ಕ ಹಾಕಿ ಅಂಕ ಕೊಡುವ ಕಂಪ್ಯೂಟರ್ ಪ್ರೋಗ್ರಾಂ) ಹಾಕಬೇಡಿ. ಮೊದಲು ನೀವೇ ನೋಡಿ: ನನಗೆ ಗೊತ್ತಿದ್ದ ದಾರಿಯಿಂದ ಯಾವ ನಡೆಯಲ್ಲಿ ಹೊರಗೆ ಬಂದೆವು? ಮೊದಲು ಬಿಟ್ಟದ್ದು ನಾನಾ, ಅವನಾ? ಅಲ್ಲಿ ನಾನು ಏನು ಯೋಚಿಸಿದೆ? ಇದನ್ನು ಬರೆದ ಮೇಲೆ ಎಂಜಿನ್ ತೆರೆಯಿರಿ. ಅದರ ಅಂಕದಲ್ಲಿ ಅರ್ಧ ಕಾಲಾಳಿನಷ್ಟು, ಅಂದರೆ 0.5ರ ಒಳಗಿನ ವ್ಯತ್ಯಾಸವಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. 1ಕ್ಕಿಂತ ಜಾಸ್ತಿ ಜಿಗಿದ ನಡೆಯನ್ನು ಮಾತ್ರ ಹಿಡಿಯಿರಿ. ಎಂಜಿನ್ ಹೇಳಿದ ನಡೆಯ ಕಾರಣ ನಿಮಗೆ ಅರ್ಥವಾಗದಿದ್ದರೆ, ಎರಡನೇ ಅಥವಾ ಮೂರನೇ ಸಲಹೆ ನೋಡಿ. ಅರ್ಥವಾಗುವ ನಡೆಯೇ ನಿಮಗೆ ಒಳ್ಳೆಯದು.

ಓಪನಿಂಗ್ ಎಕ್ಸ್‌ಪ್ಲೋರರ್‌ನಲ್ಲಿ ಮಾಸ್ಟರ್‌ಗಳ ಪಟ್ಟಿ ಬಿಟ್ಟು ಲಿಚೆಸ್ ಆಟಗಾರರ ಪಟ್ಟಿ ಆರಿಸಿ, ರೇಟಿಂಗ್ ಅನ್ನು ನಿಮ್ಮ ಮಟ್ಟಕ್ಕೆ ಇಳಿಸಿ. ನಿಮ್ಮ ಎದುರಾಳಿಗಳು ನಿಜವಾಗಿ ಏನು ಆಡುತ್ತಾರೆ ಎಂಬುದು ಅಲ್ಲಿ ಕಾಣುತ್ತದೆ. ಜಾಸ್ತಿ ಬರುವ ನಡೆಗೆ ಮೊದಲು ಉತ್ತರ ಕಲಿಯಿರಿ.

ಈಗ ಸ್ಟಡಿಯಲ್ಲಿ ಅಥವಾ ನೋಟ್‌ಬುಕ್‌ನಲ್ಲಿ ಒಂದೇ ಒಂದು ಸಾಲು ಸೇರಿಸಿ. "ಅವನು ಹೀಗೆ ಆಡಿದರೆ ನಾನು ಹೀಗೆ, ಯಾಕೆಂದರೆ…" ಅಷ್ಟೇ. ಒಂದು ಆಟಕ್ಕೆ ಒಂದು ಸಾಲು. ಸೋತ ಆಟದಿಂದ ಬಂದ ಸಾಲು ಮರೆಯುವುದಿಲ್ಲ, ವಿಡಿಯೋದಿಂದ ಎತ್ತಿಕೊಂಡ ಹತ್ತು ಸಾಲು ನಿಲ್ಲುವುದಿಲ್ಲ. ಮರುದಿನ ಆಡುವ ಮುನ್ನ ಆ ಸಾಲನ್ನು ಬೋರ್ಡ್ ಮೇಲೆ ಒಮ್ಮೆ ಆಡಿ ನೋಡಿ, ವಾರದ ಕೊನೆಗೆ ಇನ್ನೊಮ್ಮೆ.

ಚೆಸ್‌ಗೆ ಕೊಡುವ ಸಮಯದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಓಪನಿಂಗ್‌ಗೆ ಕೊಡಬೇಡಿ. ಉಳಿದದ್ದು ಪಜಲ್‌ಗಳಿಗೆ ಮತ್ತು ಆಟಕ್ಕೆ. ಕಾಯಿ ಸುಮ್ನೆ ಹೋಗುತ್ತಿರುವುದನ್ನು ಕಾಣುವ ಕಣ್ಣು ಇಲ್ಲದಿದ್ದರೆ ಎಷ್ಟು ಒಳ್ಳೆಯ ಓಪನಿಂಗ್ ಇದ್ದರೂ ಎಂಟನೇ ನಡೆಗೆ ಕೆಡುತ್ತದೆ.

ದಾರಿ ತಪ್ಪುತ್ತಿದೆ ಎನ್ನುವ ಸೂಚನೆಗಳು

ಮೊದಲ ಆರು ನಡೆ ಹತ್ತು ಸೆಕೆಂಡಿನಲ್ಲಿ ಮುಗಿದು, ಏಳನೆಯದಕ್ಕೆ ನಾಲ್ಕು ನಿಮಿಷ ಕೂತಿದ್ದೀರಾ? ಕಾರಣ ಕಲಿಯದೆ ನಡೆ ಕಲಿತಿದ್ದೀರಿ. ಎರಡನೇ ಹಂತಕ್ಕೆ ವಾಪಸ್ ಹೋಗಿ.

ಎರಡು ಆಟ ಸೋತ ಕೂಡಲೇ ಹೊಸ ಓಪನಿಂಗ್ ಹುಡುಕುವ ಮನಸ್ಸಾಗುತ್ತಿದೆಯಾ? ಆ ಎರಡು ಆಟಗಳನ್ನು ತೆರೆದು ನೋಡಿ. ಸೋತದ್ದು ಇಪ್ಪತ್ತನೇ ನಡೆಯ ಮೇಲಾದರೆ ತಪ್ಪು ಓಪನಿಂಗ್‌ನದ್ದಲ್ಲ. ಕನಿಷ್ಠ ಮೂರು ತಿಂಗಳು ಇದನ್ನೇ ಆಡಿ.

ಇ ಸಾಲು ತೆರೆದಿದ್ದು ನಿಮ್ಮ ರಾಜ ಇನ್ನೂ ಅಲ್ಲೇ ನಿಂತಿದ್ದರೆ, ಬೇರೆ ಎಲ್ಲ ಯೋಜನೆ ಬಿಟ್ಟು ಕ್ಯಾಸ್ಲಿಂಗ್ ಮಾಡಿ. ಎದುರಾಳಿ ಬಲೆಗೆ ಬೀಳಲಿ ಎಂದು ಕೆಟ್ಟ ನಡೆ ಆಡುವ ಅಭ್ಯಾಸ ಶುರುವಾಗಿದ್ದರೆ ಅದನ್ನೂ ಈಗಲೇ ನಿಲ್ಲಿಸಿ. ಬಲೆ ಗೊತ್ತಿರಬೇಕಾದದ್ದು ತಪ್ಪಿಸಿಕೊಳ್ಳಲು. ನಿಮ್ಮ ನಡೆ, ಅವನು ಸರಿಯಾಗಿ ಉತ್ತರಿಸಿದರೂ ಒಳ್ಳೆಯದಾಗಿಯೇ ಇರಬೇಕು.

ಹಂತ 7: ಟೂರ್ನಿಗೆ ಹೋಗುವ ಮುನ್ನ

ಶಾಲೆ ಅಥವಾ ಊರಿನ ಟೂರ್ನಿಗೆ ಹೋಗುವ ಮಕ್ಕಳಿಗೂ ದೊಡ್ಡವರಿಗೂ ಇದು ಬೇಕು. ಮೊಬೈಲ್‌ನಲ್ಲಿ ಆಡಿದವರು ಬೋರ್ಡ್ ಎದುರು ಕ್ಯಾಸ್ಲಿಂಗ್‌ನಲ್ಲೇ ತೊಂದರೆ ಮಾಡಿಕೊಳ್ಳುತ್ತಾರೆ. ಮುಟ್ಟಿದ ಕಾಯಿಯನ್ನು ಆಡಲೇಬೇಕು ಎನ್ನುವುದು ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮ. ಮೊದಲು ಆನೆ ಮುಟ್ಟಿ ಆಮೇಲೆ ರಾಜನನ್ನು ಮುಟ್ಟಿದರೆ ಆ ನಡೆಯಲ್ಲಿ ಆ ಕಡೆಗೆ ಕ್ಯಾಸ್ಲಿಂಗ್ ಇಲ್ಲ. ರಾಜನನ್ನು ಮೊದಲು ಎತ್ತಿ ಎರಡು ಮನೆ ಸರಿಸಿ, ನಂತರ ಅದೇ ಕೈಯಿಂದ ಆನೆ. ರಾಜ ಚೆಕ್‌ನಲ್ಲಿದ್ದರೆ, ದಾಟುವ ಅಥವಾ ಸೇರುವ ಮನೆಗೆ ಎದುರಾಳಿಯ ಗುರಿ ಇದ್ದರೆ ಕ್ಯಾಸ್ಲಿಂಗ್ ಮಾಡುವಂತಿಲ್ಲ.

ನಡೆ ಬರೆಯುವುದನ್ನೂ ಮನೆಯಲ್ಲೇ ರೂಢಿ ಮಾಡಿ. ಹಿಂದಿನ ರಾತ್ರಿ ಹೊಸದೇನನ್ನೂ ಕಲಿಯಬೇಡಿ. ನೋಟ್‌ಬುಕ್‌ನಲ್ಲಿ ನೀವೇ ಬರೆದ ಸಾಲುಗಳನ್ನು ಬೋರ್ಡ್ ಮೇಲೆ ಒಂದು ಸುತ್ತು ಆಡಿ, ಮುಚ್ಚಿಟ್ಟು ಮಲಗಿ. ಟೂರ್ನಿ ಮುಗಿದ ಮೇಲೆ ಬರೆದ ಹಾಳೆಗಳನ್ನು ಎಸೆಯಬೇಡಿ, ಆರನೇ ಹಂತಕ್ಕೆ ಬೇಕಾದ ಹೊಸ ಸಾಲುಗಳು ಅವುಗಳಲ್ಲೇ ಇವೆ.